ಪರಲೋಕರಾಜ್ಯವನ್ನು ಮನೆಯಲ್ಲೇ ಕೂತು ಓದುವುದು ಹೇಗೆ: ಕೋಲಾರದ ಪ್ರಾರ್ಥನಾ ಕೂಟಗಳಿಗೆ ಒಂದು ಮಾರ್ಗದರ್ಶಿ

ಕೋಲಾರದ ಕಡೆ ನಮ್ಮ ಕ್ರೈಸ್ತ ಮನೆಗಳಲ್ಲಿ ಪರಲೋಕರಾಜ್ಯ ಎಂಬ ಮಾತು ಜಾಸ್ತಿ ಕೇಳಿಬರುವುದು ಸಾವಿನ ಮನೆಯಲ್ಲಿ. "ಅಜ್ಜಿ ಪರಲೋಕ ಸೇರಿದರು, ನಾವೂ ಒಂದು ದಿನ ಸೇರ್ತೀವಿ" ಅಂತ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ನಿಂತುಬಿಟ್ಟರೆ ಯೇಸುಸ್ವಾಮಿ ಈ ರಾಜ್ಯದ ಬಗ್ಗೆ ಹೇಳಿದ ಎಷ್ಟೋ ಮಾತುಗಳಿಗೆ ನಮ್ಮ ಬದುಕಿನಲ್ಲಿ ಜಾಗವೇ ಸಿಗುವುದಿಲ್ಲ. ಅವರು ಅದನ್ನು ಹೇಳಿದ್ದು ಬಲೆ ಎಳೆಯುವವರಿಗೆ, ಬಿತ್ತುವವರಿಗೆ, ಕೂಲಿಗೆ ಕಾಯುವವರಿಗೆ, ಸಾಲದಲ್ಲಿ ಸಿಕ್ಕಿಕೊಂಡವರಿಗೆ.

ಚಿಕ್ಕದಾಗಿ ಹೇಳುವುದಾದರೆ, ಪರಲೋಕರಾಜ್ಯ ಎಂದರೆ ದೇವರು ಆಳುವುದು. ಆ ಆಳ್ವಿಕೆ ಯೇಸುವಿನ ಬರುವಿಕೆಯಿಂದ ಶುರುವಾಗಿದೆ. ಪೂರ್ತಿಯಾಗುವುದು ಇನ್ನೂ ಬಾಕಿ ಇದೆ. ಈ ಎರಡೂ ಮಾತನ್ನು ಬಿಡದೆ ಹಿಡಿದುಕೊಂಡು ಓದಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಸೊರಗುತ್ತದೆ. ಮನೆಯಲ್ಲಿ ಎಂಟು ಹತ್ತು ಜನ ಸೇರಿ ಇದನ್ನು ಹೇಗೆ ಓದಬಹುದು ಎಂದು ಕೆಳಗೆ ಬರೆದಿದ್ದೇನೆ.

ಶುರುಮಾಡುವ ಮುಂಚೆ

ವಾರಕ್ಕೆ ಒಂದು ಸಂಜೆ, ಒಂದು ಗಂಟೆ ಸಾಕು. ಹಳ್ಳಿಯಾದರೆ ಡೈರಿಗೆ ಹಾಲು ಹಾಕಿ ಬಂದ ಮೇಲಿನ ಸಮಯ ಇಟ್ಟುಕೊಳ್ಳಿ. ಟೊಮೆಟೊ ಕೊಯ್ಲಿನ ದಿನಗಳಲ್ಲಿ ಹೆಂಗಸರು ತಡವಾಗಿ ಬರುತ್ತಾರೆ. ಅವರು ಬರುವವರೆಗೆ ಒಂದೆರಡು ಹಾಡು ಹಾಡಿ, ಓದು ಮಾತ್ರ ಶುರುಮಾಡಬೇಡಿ. ಅವರಿಲ್ಲದೆ ಈ ಓದು ಅರ್ಧಕ್ಕೆ ನಿಲ್ಲುತ್ತದೆ. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ.

ನಿಮ್ಮ ಪಾಸ್ಟರಿಗೋ ಫಾದರಿಗೋ ಮೊದಲೇ ಒಂದು ಮಾತು ಹೇಳಿಡಿ. ಅವರೇ ಬಂದು ನಡೆಸಬೇಕೆಂದಿಲ್ಲ. ಬಂದರೂ ಕೇಳುವವರಾಗಿ ಕೂರಲಿ ಎಂದು ಗೌರವದಿಂದಲೇ ಕೇಳಿಕೊಳ್ಳಿ. ಪ್ರಸಂಗ ಶುರುವಾದರೆ ಉಳಿದವರ ಬಾಯಿ ಕಟ್ಟಿಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಒಂದೇ ಮನೆಯಲ್ಲಿ ಮೂರು ಬೈಬಲ್ ಇರುವುದು ಮಾಮೂಲು. ಅಜ್ಜಿಯದು ತೆಲುಗು, ಕೆಜಿಎಫ್‌ನಿಂದ ಬಂದ ಸೊಸೆಯದು ತಮಿಳು, ಮಕ್ಕಳದು ಕನ್ನಡ. ಎಲ್ಲವನ್ನೂ ತರಲಿ. ಕಥೋಲಿಕರ ಶ್ರೀಗ್ರಂಥದಲ್ಲಿ ಸ್ವರ್ಗಸಾಮ್ರಾಜ್ಯ ಎಂದಿದ್ದರೆ ಗಾಬರಿ ಬೇಡ, ಮಾತು ಒಂದೇ.

ಮೊದಲ ಹೆಜ್ಜೆ: ಪೆನ್ಸಿಲ್ ಹಿಡಿದು ಮತ್ತಾಯನನ್ನು ಓದಿ

ನಾಲ್ಕೂ ಸುವಾರ್ತೆಗಳನ್ನು ಒಟ್ಟಿಗೆ ಹರವಿಕೊಳ್ಳಬೇಡಿ. ಮತ್ತಾಯ ಒಂದನ್ನೇ ಹಿಡಿಯಿರಿ. ಪರಲೋಕರಾಜ್ಯ ಎಂಬ ಮಾತು ಬರುವುದು ಅಲ್ಲಿ ಮಾತ್ರ, ಅದೂ ಮೂವತ್ತಕ್ಕೂ ಹೆಚ್ಚು ಸಲ. ಮಾರ್ಕ ಮತ್ತು ಲೂಕರು ಅದನ್ನೇ ದೇವರ ರಾಜ್ಯ ಎನ್ನುತ್ತಾರೆ. ಎರಡೂ ಬೇರೆಬೇರೆ ಎಂದು ಯಾರಾದರೂ ವಾದಕ್ಕೆ ಬಂದರೆ ಮತ್ತಾಯ 19:23 ಮತ್ತು 24 ತೋರಿಸಿ. ಪಕ್ಕಪಕ್ಕದ ವಚನಗಳು. ಮೊದಲನೆಯದರಲ್ಲಿ ಪರಲೋಕರಾಜ್ಯ, ಎರಡನೆಯದರಲ್ಲಿ ದೇವರ ರಾಜ್ಯ. ವಿಷಯ ಎರಡರಲ್ಲೂ ಐಶ್ವರ್ಯವಂತನದೇ.

28 ಅಧ್ಯಾಯಗಳನ್ನು ಮೂರು ನಾಲ್ಕು ವಾರಗಳಲ್ಲಿ ಗಟ್ಟಿಯಾಗಿ ಓದಿ ಮುಗಿಸಿ. ವಿವರಣೆ ಬೇಡ. ರಾಜ್ಯದ ಮಾತು ಬಂದ ಕಡೆಯೆಲ್ಲ ಪೆನ್ಸಿಲಿನಿಂದ ಗೆರೆ ಹಾಕಿ. ಇದು ಈಗಲೇ ಬಂದಿರುವ ರಾಜ್ಯದ ಮಾತು ಅನ್ನಿಸಿದರೆ ಅಂಚಿನಲ್ಲಿ "ಈಗ" ಎಂದು ಬರೆಯಿರಿ. ಇನ್ನು ಬರಬೇಕಾದ್ದು ಅನ್ನಿಸಿದರೆ "ಮುಂದೆ" ಎಂದು ಬರೆಯಿರಿ. ಗೊತ್ತಾಗದಿದ್ದರೆ ಪ್ರಶ್ನೆಯ ಗುರುತು ಹಾಕಿ.

ಅಂಚು ತುಂಬುತ್ತಾ ಹೋದಂತೆ ಎರಡೂ ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಬೆಟ್ಟದ ಪ್ರಸಂಗದ ಮೊದಲ ಮಾತುಗಳನ್ನೇ ನೋಡಿ. 5:3ರಲ್ಲಿ, ಆತ್ಮದಲ್ಲಿ ಬಡವರಾದವರು ಧನ್ಯರು, ಪರಲೋಕರಾಜ್ಯ ಅವರದು. ಅವರದಾಗುವುದು ಎಂದಿಲ್ಲ. 5:10ರಲ್ಲಿ ನೀತಿಗಾಗಿ ಹಿಂಸೆ ಅನುಭವಿಸುವವರಿಗೂ ಅದೇ ಮಾತು, ರಾಜ್ಯ ಅವರದು. ನಡುವಿನ ಆರು ವಚನಗಳಲ್ಲಿ ಮಾತ್ರ ಎಲ್ಲವೂ ಮುಂದಿನದು. ದುಃಖಪಡುವವರಿಗೆ ಸಮಾಧಾನ ಆಗುವುದು, ಶಾಂತರು ಭೂಮಿಗೆ ಬಾಧ್ಯರಾಗುವರು, ಹಸಿದವರಿಗೆ ತೃಪ್ತಿ ಆಗುವುದು. ಮೊದಲಲ್ಲೂ ಕೊನೆಯಲ್ಲೂ "ಈಗ", ನಡುವೆ "ಮುಂದೆ". ಈ ಎಂಟು ವಚನಗಳ ಮೇಲೆ ಒಂದು ಸಂಜೆ ಪೂರ್ತಿ ಕಳೆದರೂ ನಷ್ಟವಿಲ್ಲ. ಪರಲೋಕರಾಜ್ಯದ ಬಗ್ಗೆ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಹೇಳುವ ಇನ್ನೊಂದು ಭಾಗ ನನಗಂತೂ ಕಂಡಿಲ್ಲ.

ಎರಡನೇ ಹೆಜ್ಜೆ: ಕೇಳಿದವರು ಯಾರು ಎಂದು ತಿಳಿಯಿರಿ

ಇದಕ್ಕೆ ಅರ್ಧ ಗಂಟೆ ಸಾಕು. 1 ಸಮುವೇಲ 8ರಲ್ಲಿ ಇಸ್ರಾಯೇಲರು ನಮಗೂ ಒಬ್ಬ ರಾಜ ಬೇಕು ಎಂದು ಹಟ ಹಿಡಿಯುತ್ತಾರೆ. ನನ್ನ ಆಳ್ವಿಕೆಯನ್ನೇ ಬೇಡ ಅಂದರಲ್ಲ ಎಂದು ದೇವರು ಸಮುವೇಲನಿಗೆ ಹೇಳುತ್ತಾರೆ. ರಾಜರು ಬಂದರು, ಹೋದರು. ದಾನಿಯೇಲ 2:44ರಲ್ಲಿ ಎಂದಿಗೂ ಅಳಿಯದ ರಾಜ್ಯವೊಂದನ್ನು ಪರಲೋಕದ ದೇವರೇ ಸ್ಥಾಪಿಸುವರು ಎಂಬ ನಿರೀಕ್ಷೆ ಇದೆ. ಯೇಸುಸ್ವಾಮಿ ಬಂದ ಕಾಲಕ್ಕೆ ದೇಶ ರೋಮಿನವರ ಕೈಯಲ್ಲಿತ್ತು. ತೆರಿಗೆ ಅವರಿಗೆ, ಸೈನ್ಯ ಅವರದು. ಇಂಥ ಜನರ ಮುಂದೆ "ಪರಲೋಕರಾಜ್ಯ ಸಮೀಪಿಸಿತು" ಎಂದರೆ ಅವರು ಸತ್ತ ಮೇಲಿನ ಮಾತೆಂದು ಕೇಳಿಸಿಕೊಂಡಿರುವುದಿಲ್ಲ ಅಲ್ವಾ? ಈಗಲೇ ಏನೋ ಆಗುತ್ತದೆ ಎಂದು ಕಿವಿ ನಿಮಿರಿಸಿದ್ದಾರೆ.

ಯೇಸುವಿನ ಉತ್ತರ ಅವರು ಎಣಿಸಿದ ಹಾಗಿರಲಿಲ್ಲ. ಕತ್ತಿ ಹಿಡಿಯಲಿಲ್ಲ. ಹನ್ನೆರಡು ಮಂದಿ ಶಿಷ್ಯರನ್ನು ಕಳಿಸುವಾಗ ಹೇಳಿದ್ದು ಮತ್ತಾಯ 10:7-8ರಲ್ಲಿದೆ. ರಾಜ್ಯ ಸಮೀಪಿಸಿತೆಂದು ಸಾರಿ, ರೋಗಿಗಳನ್ನು ವಾಸಿಮಾಡಿ. ಸಾರುವುದು, ವಾಸಿಮಾಡುವುದು ಎರಡೂ ಒಂದೇ ಉಸಿರಿನಲ್ಲಿ. ನಮ್ಮ ಕೋಲಾರದ ಇಟಿಸಿಎಂ ಆಸ್ಪತ್ರೆ, ಪಕ್ಕದ ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಎರಡೂ ಮಿಷನರಿಗಳ ಕೈಯಿಂದ ಹುಟ್ಟಿದವು. ಆ ಆಸ್ಪತ್ರೆಗಳಲ್ಲಿ ಹುಟ್ಟಿದವರು ನಿಮ್ಮ ಕೂಟದಲ್ಲೇ ಇರಬಹುದು. ಅವರಿಗೆ ಇದನ್ನು ತೋರಿಸಿ.

ಮೂರನೇ ಹೆಜ್ಜೆ: ಮತ್ತಾಯ 13ನೇ ಅಧ್ಯಾಯದ ಸಾಮ್ಯಗಳು, ಸಂಜೆಗೆ ಒಂದೇ

ಬಿತ್ತುವವನು, ಕಳೆ, ಸಾಸಿವೆ, ಹುಳಿಹಿಟ್ಟು, ಹೊಲದಲ್ಲಿ ಹೂತಿಟ್ಟ ನಿಧಿ, ಮುತ್ತು, ಬಲೆ. ಇಷ್ಟೂ ಸಾಮ್ಯಗಳು, ಅಂದರೆ ಹೋಲಿಕೆಯ ಕಥೆಗಳು, ಒಂದೇ ಅಧ್ಯಾಯದಲ್ಲಿವೆ. ಒಂದೇ ಸಲಕ್ಕೆ ಓದಿದರೆ ಒಂದೂ ದಕ್ಕುವುದಿಲ್ಲ.

ಒಂದು ನಿಯಮ ಇಟ್ಟುಕೊಳ್ಳಿ. ಕಥೆಯಲ್ಲಿ ಬರುವ ಪ್ರತಿಯೊಂದು ವಸ್ತುವಿಗೂ ಒಂದೊಂದು ಅರ್ಥ ಕಟ್ಟಬೇಡಿ. ಬಿತ್ತುವವನದು, ಕಳೆಯದು, ಈ ಎರಡಕ್ಕೆ ಯೇಸುವೇ ವಿವರವಾಗಿ ಅರ್ಥ ಹೇಳಿದ್ದಾರೆ. ಬಲೆಗೆ ಎರಡು ವಚನದಲ್ಲಿ ಹೇಳಿ ಮುಗಿಸಿದ್ದಾರೆ. ಉಳಿದವಕ್ಕೆ ಹೇಳಿಲ್ಲ. ಅವುಗಳಲ್ಲಿ "ಈ ಕಥೆಯಲ್ಲಿ ನೀವು ಎಣಿಸದೇ ಇದ್ದದ್ದು ಏನಾಯ್ತು?" ಎಂದಷ್ಟೇ ಕೇಳಿ.

ಸಾಸಿವೆಯ ಸಂಜೆ ಖಂಡಿತ ಒಂದು ತಕರಾರು ಬರುತ್ತದೆ. ನಮ್ಮಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿಯ ಜೊತೆ ಸಾಸಿವೆಯನ್ನೂ ಹಾಕುತ್ತಾರೆ. ಆ ಗಿಡದ ಮೇಲೆ ಹಕ್ಕಿ ವಾಸಮಾಡುವುದು ಹೇಗೆ ಎಂದು ಕೇಳುತ್ತಾರೆ. ಗಲಿಲಾಯ ಕಡೆಯ ಕರಿ ಸಾಸಿವೆ ಎಂಟು ಹತ್ತು ಅಡಿ ಎತ್ತರಕ್ಕೂ ಹೋಗುತ್ತದೆ ಎಂದು ಹೇಳಿ. ಆದರೂ ಅದು ಗಿಡವೇ, ದೇವದಾರು ಮರವಲ್ಲ. ಯೆಹೆಜ್ಕೇಲ 17ರಲ್ಲಿ ಹಕ್ಕಿಗಳಿಗೆ ಆಸರೆಯಾಗುವುದು ಬೆಟ್ಟದ ಮೇಲಿನ ಭಾರಿ ದೇವದಾರು. ಯೇಸು ಆ ಜಾಗದಲ್ಲಿ ಹಿತ್ತಲಿನ ಸಾಸಿವೆಯನ್ನು ನಿಲ್ಲಿಸಿದರು. ದೊಡ್ಡ ಚರ್ಚು, ದೊಡ್ಡ ಜನ, ದೊಡ್ಡ ಮೈಕು ಇದ್ದರಷ್ಟೇ ದೇವರ ಕೆಲಸ ನಡೆಯುತ್ತಿದೆ ಎಂದುಕೊಳ್ಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಕಳೆಯ ಸಾಮ್ಯಕ್ಕೆ ಮಾತ್ರ ಸಮಯ ಜಾಸ್ತಿ ಕೊಡಿ. ವೈರಿ ರಾತ್ರಿ ಬಂದು ಗೋದಿಯ ನಡುವೆ ಕಳೆ ಬಿತ್ತಿ ಹೋಗುತ್ತಾನೆ. ಆಳುಗಳು ಕಿತ್ತುಬಿಡೋಣವೇ ಎಂದು ಕೇಳುತ್ತಾರೆ. ಯಜಮಾನ ಬೇಡ ಎನ್ನುತ್ತಾನೆ. ಕಳೆ ಕೀಳಲು ಹೋಗಿ ಗೋದಿಯನ್ನೂ ಕಿತ್ತೀರಿ, ಸುಗ್ಗಿಯ ತನಕ ಎರಡೂ ಒಟ್ಟಿಗೆ ಬೆಳೆಯಲಿ.

ರಾಗಿ ಬೆಳೆಯುವವರ ಮುಂದೆ ಇದನ್ನು ಓದಿ ಸುಮ್ನೆ ಇರಿ. ಯಾರಾದರೂ ಬಾಯಿ ಬಿಟ್ಟೇ ಬಿಡುತ್ತಾರೆ. "ಕಳೆ ತೆಗೀದೆ ಯಾರಾದ್ರೂ ಬೇಸಾಯ ಮಾಡ್ತಾರಾ?" ಸರಿಯಾದ ಪ್ರಶ್ನೆ. ಬಿತ್ತಿ ಮೂರು ನಾಲ್ಕು ವಾರಕ್ಕೆ ಕುಂಟೆ ಹೊಡೆಯದಿದ್ದರೆ, ಕಳೆ ತೆಗೆಯದಿದ್ದರೆ ಫಸಲು ಕೈಗೆ ಹತ್ತುವುದಿಲ್ಲ. ಆದರೆ ಅದೇ ರೈತರಿಗೆ ಇನ್ನೊಂದೂ ಗೊತ್ತು. ಎಳೆಯದಾಗಿದ್ದಾಗ ರಾಗಿ ಪೈರಿನ ಹಾಗೇ ಕಾಣುವ ಹುಲ್ಲು ನಮ್ಮ ಹೊಲಗಳಲ್ಲೂ ಇದೆ. ಕಳೆ ತೆಗೆಯುವ ಹೆಂಗಸರು ಬಗ್ಗಿ, ಬುಡ ಹಿಡಿದು, ಗರಿಯನ್ನು ತಿರುಗಿಸಿ ನೋಡಿಯೇ ಕೀಳುತ್ತಾರೆ. ಹೊಸಬರ ಕೈಯಲ್ಲಿ ರಾಗಿಯೂ ಹೋಗುತ್ತದೆ. ತೆನೆ ಒಡೆದ ಮೇಲೆ ಚಿಕ್ಕ ಮಗುವಿಗೂ ಯಾವುದು ಏನೆಂದು ಗೊತ್ತಾಗುತ್ತದೆ. ಆ ಸೀಮೆಯ ಗೋದಿಯ ಕಳೆಯೂ ಹೀಗೆಯೇ. ತೆನೆ ಬರುವವರೆಗೆ ಗೋದಿಯಿಂದ ಬೇರೆ ಮಾಡುವುದು ಕಷ್ಟ, ಬೇರುಗಳು ಗೋದಿಯ ಬೇರಿಗೇ ಹೆಣೆದುಕೊಂಡಿರುತ್ತವೆ.

ಈ ಕೆಲಸ ಮಾಡಿದ ಹೆಂಗಸರು ಮಾತಾಡಲಿ, ನೀವು ಕೇಳಿ. ಅವರು ಬರುವವರೆಗೆ ಕಾಯಿರಿ ಅಂದಿದ್ದು ಇದಕ್ಕೇ. ಆಮೇಲೆ 13:38 ಓದಿಸಿ. ಹೊಲ ಅಂದರೆ ಲೋಕ ಎಂದು ಯೇಸುವೇ ಹೇಳುತ್ತಾರೆ. ಕೊಯ್ಯುವವರು ದೇವದೂತರು, ನಾವಲ್ಲ. ಇವರು ನಿಜವಾದ ವಿಶ್ವಾಸಿ, ಅವರು ಹೆಸರಿಗಷ್ಟೇ ಎಂದು ಜನರನ್ನು ವಿಂಗಡಿಸುವ ಚಟ ನಮ್ಮ ಸಭೆಗಳಲ್ಲಿ ತುಂಬಾ ಇದೆ. ಅದಕ್ಕಾಗಿ ಸಂಸಾರಗಳು ಒಡೆದಿವೆ. ಪರಲೋಕರಾಜ್ಯ ಬಂದಿದೆ, ಆದರೆ ಸುಗ್ಗಿ ಇನ್ನೂ ಬಂದಿಲ್ಲ. ನಾವಿರುವುದು ಆ ನಡುವಿನ ಕಾಲದಲ್ಲಿ. ತೀರ್ಪು ಖಂಡಿತ ಇದೆ, ಅದು ನಮ್ಮ ಕೈಯಲ್ಲಿಲ್ಲ, ಅಷ್ಟೇ.

ನಿಧಿ, ಮುತ್ತು ಎರಡನ್ನೂ ಒಂದೇ ಸಂಜೆ ಓದಬಹುದು. ಒಬ್ಬನಿಗೆ ಹುಡುಕದೆ ಸಿಕ್ಕಿತು. ಇನ್ನೊಬ್ಬ ಹುಡುಕಿ ಹುಡುಕಿ ಪಡೆದ. ಇಬ್ಬರೂ ಇದ್ದದ್ದೆಲ್ಲ ಮಾರಿದರು. 13:44ರಲ್ಲಿ ಸಂತೋಷ ಮೊದಲು ಬರುತ್ತದೆ, ಮಾರುವುದು ಆಮೇಲೆ. ಈ ಸಾಲನ್ನು ತ್ಯಾಗದ ಉಪದೇಶಕ್ಕೆ ಮಾತ್ರ ಬಳಸುವವರು ಆ ಸಂತೋಷವನ್ನು ದಾಟಿ ಹೋಗಿಬಿಡುತ್ತಾರೆ. ಕೆಜಿಎಫ್‌ನ ಕೂಟಗಳಲ್ಲಿ ಇದನ್ನು ಓದುವಾಗ ಅವಸರ ಬೇಡ. ನೆಲದೊಳಗಿನ ನಿಧಿ ಎಂದರೆ ಅಲ್ಲಿಯವರಿಗೆ ಬರೀ ಕಥೆಯಲ್ಲ. 3 ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದು ಚಿನ್ನ ತೆಗೆದವರ ಮಕ್ಕಳು ಮೊಮ್ಮಕ್ಕಳು ಅವರು. ತೆಗೆದ ಚಿನ್ನ ಅವರದಾಗಲಿಲ್ಲ. 2001ರಲ್ಲಿ ಗಣಿಯೂ ಮುಚ್ಚಿತು. ಯೇಸುವಿನ ಕಥೆಯಲ್ಲಿ ನಿಧಿ ಕಂಡವನಿಗೇ ಹೊಲ ಸಿಗುತ್ತದೆ. ಅದು ಅವರ ಕಿವಿಗೆ ಹೇಗೆ ಬೀಳುತ್ತದೆ ಎಂದು ಅವರನ್ನೇ ಕೇಳಿ.

ನಾಲ್ಕನೇ ಹೆಜ್ಜೆ: ಕೂಲಿಯ ಕಥೆ, 20:1-16

ಮೊದಲು ಹಿಂದಿನ ಅಧ್ಯಾಯದ 27ನೇ ವಚನ ಓದಿಸಿ. ನಾವು ಎಲ್ಲ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ ಎಂದು ಪೇತ್ರ ಕೇಳುತ್ತಾನೆ. ಕೂಲಿಯ ಕಥೆ ಬರುವುದು ಆ ಪ್ರಶ್ನೆಯ ಬೆನ್ನಿಗೇ.

ಯಜಮಾನ ಬೆಳಗಾಗುತ್ತಲೇ ಹೋಗಿ ಆಳುಗಳನ್ನು ಗೊತ್ತುಮಾಡುತ್ತಾನೆ. ದಿನಕ್ಕೆ ಒಂದು ದಿನಾರಿ, ಆಗಿನ ಒಂದು ದಿನದ ಕೂಲಿ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ಕೂಲಿ ಕೊಡುವಾಗ ಕೊನೆಗೆ ಬಂದವರಿಂದ ಶುರು. ಎಲ್ಲರಿಗೂ ಒಂದೊಂದು ದಿನಾರಿ.

ಜಮೀನು ಇರುವವರು ಇದನ್ನು ಓದಿದರೆ ಲೆಕ್ಕ ಸರಿಯಿಲ್ಲ ಎನ್ನುತ್ತಾರೆ. ಕೂಲಿಗೆ ಹೋಗುವವರು ಓದಿದರೆ ಬೇರೆಯೇ ಕಾಣುತ್ತದೆ. ಆದ್ದರಿಂದ ಮೊದಲ ಮಾತು ಕೂಲಿಯವರದಾಗಲಿ. ಬೆಳಗ್ಗೆ ಆರಕ್ಕೇ ಊಟದ ಡಬ್ಬಿ ಹಿಡಿದು ಸರ್ಕಲ್ಲಿನಲ್ಲಿ ನಿಲ್ಲುತ್ತಾರೆ. ಗಾಡಿ ಬಂದರೆ ಮೊದಲು ಹತ್ತುವುದು ಗಟ್ಟಿಮುಟ್ಟಾದ ಹುಡುಗರು. ವಯಸ್ಸಾದವರು, ಕಾಲು ನೋವಿನವರು, ಎಳೆ ಮಗು ಇರುವವರು ಉಳಿಯುತ್ತಾರೆ. ಒಂಬತ್ತಾದ ಮೇಲೆ ಗಾಡಿ ಬರುವುದಿಲ್ಲ. ಆದರೂ ಒಂದಿಬ್ಬರು ಅಲ್ಲೇ ನಿಂತಿರುತ್ತಾರೆ, ಬರಿಗೈಲಿ ಮನೆಗೆ ಹೋಗಲು ಮುಖವಿಲ್ಲದೆ. 20:7ರಲ್ಲಿ ಐದು ಗಂಟೆಯವರು ಹೇಳುವ ಉತ್ತರ ಇದೇ: ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಸೋಮಾರಿಗಳಾಗಿ ನಿಂತವರಲ್ಲ, ಯಾರಿಗೂ ಬೇಡವಾಗಿ ನಿಂತವರು. ಅವರ ಮನೆಯಲ್ಲೂ ಆ ರಾತ್ರಿ ಪೂರ್ತಿ ಒಂದು ದಿನದ ಹಿಟ್ಟು ಬೇಕು.

ಪರಲೋಕರಾಜ್ಯ ಇಂಥ ಯಜಮಾನನಿಗೆ ಹೋಲಿಕೆಯಾಗಿದೆ ಎನ್ನುತ್ತಾರೆ ಯೇಸು. ಬೆಳಗ್ಗೆ ಬಂದವರಿಗೆ ಮೋಸ ಆಗಿಲ್ಲ, ಒಪ್ಪಿದ್ದು ಸಿಕ್ಕಿದೆ. ಅವರ ಸಂಕಟ ಬೇರೆ, ಇವರನ್ನೂ ನಮಗೆ ಸಮ ಮಾಡಿದೆಯಲ್ಲ ಎಂಬುದು. ಮೂರು ತಲೆಮಾರಿನಿಂದ ಕ್ರೈಸ್ತರಾಗಿರುವ ಮನೆತನಗಳು, ಚರ್ಚಿನಲ್ಲಿ ಮುಂದಿನ ಬೆಂಚು ಹಿಡಿದವರು ಈ ಸಾಲನ್ನು ತಮಗೇ ಓದಿಕೊಳ್ಳಲಿ.

ಐದನೇ ಹೆಜ್ಜೆ: ಸಾಲದ ಕಥೆಗೆ ಲೆಕ್ಕ ಹಾಕಿ, 18:21-35

ಇಲ್ಲಿ ನೋಟ್‌ಬುಕ್ಕು ತೆಗೆಯಿರಿ. ಮಕ್ಕಳು ಲೆಕ್ಕ ಹಾಕಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಆ ಸೇವಕ ರಾಜನಿಗೆ ಕೊಡಬೇಕಾದ್ದು 10,000 ತಲಾಂತು. ಅಂದರೆ 6 ಕೋಟಿ ದಿನದ ಕೂಲಿ. ಜೊತೆಯ ಸೇವಕ ಇವನಿಗೆ ಕೊಡಬೇಕಾದ್ದು 100 ದಿನಾರಿ, ಮೂರು ತಿಂಗಳ ದುಡಿಮೆ. ಅದೂ ಸಣ್ಣ ಸಾಲವಲ್ಲ. ಚೀಟಿ ಕಟ್ಟುವವರಿಗೆ, ಸಂಘದ ಸಾಲ ತೀರಿಸುವವರಿಗೆ ಮೂರು ತಿಂಗಳ ಕೂಲಿ ಎಂದರೆ ಏನೆಂದು ಗೊತ್ತು. ಕ್ಷಮಿಸುವಾಗ ನೋವಾಗುವುದಿಲ್ಲ ಎಂದು ಯೇಸು ಹೇಳುತ್ತಿಲ್ಲ. ನಮಗೆ ಬಿಟ್ಟುಕೊಟ್ಟಿದ್ದು ಅದರ 6 ಲಕ್ಷ ಪಟ್ಟು ಎನ್ನುತ್ತಿದ್ದಾರೆ.

ಒಂದು ಎಚ್ಚರಿಕೆ. ಗಂಡನ ಹೊಡೆತ ತಿನ್ನುವ ಹೆಣ್ಣುಮಗಳ ಬಾಯಿ ಮುಚ್ಚಿಸಲು ಈ ಸಾಮ್ಯವನ್ನು ಬಳಸಬೇಡಿ. ಇದೇ ಅಧ್ಯಾಯದ 15ರಿಂದ 17ನೇ ವಚನಗಳಲ್ಲಿ ತಪ್ಪು ಮಾಡಿದವನಿಗೆ ಮುಖಾಮುಖಿ ಹೇಳಬೇಕು, ಕೇಳದಿದ್ದರೆ ಸಾಕ್ಷಿ ಕರೆದುಕೊಂಡು ಹೋಗಬೇಕು, ಆಗಲೂ ಕೇಳದಿದ್ದರೆ ಸಭೆಯ ಮುಂದೆ ಇಡಬೇಕು ಎಂದಿದೆ. ಎರಡನ್ನೂ ಓದಿ.

ಆರನೇ ಹೆಜ್ಜೆ: ಕರ್ತನ ಪ್ರಾರ್ಥನೆ ನಿಧಾನವಾಗಿ

ಕೂಟ ಮುಗಿಸುವಾಗ ಎಲ್ಲರೂ ಒಂದೇ ಓಟದಲ್ಲಿ ಹೇಳಿ ಮುಗಿಸುವ ಪ್ರಾರ್ಥನೆ ಇದು. ಈ ವಾರಗಳಲ್ಲಿ "ನಿನ್ನ ರಾಜ್ಯವು ಬರಲಿ" ಎಂಬಲ್ಲಿ ನಿಲ್ಲಿ. ಮುಂದಿನ ಮಾತು ದೇವರ ಚಿತ್ತ ಪರಲೋಕದಲ್ಲಿ ನೆರವೇರುವ ಹಾಗೆ ಭೂಲೋಕದಲ್ಲೂ ನೆರವೇರಲಿ ಎಂಬುದು. ನಮ್ಮನ್ನು ಅಲ್ಲಿಗೆ ಕರೆದುಕೋ ಎಂದು ಇಲ್ಲಿ ಕೇಳುತ್ತಿಲ್ಲ, ನಿನ್ನ ಆಳ್ವಿಕೆ ಇಲ್ಲಿಗೆ ಬರಲಿ ಎಂದು ಕೇಳುತ್ತಿದ್ದೇವೆ. ನಿಂತ ಜಾಗದಲ್ಲಿ ಒಬ್ಬೊಬ್ಬರು ಒಂದೊಂದು ಊರಿನ ವಿಷಯ ಹೇಳಲಿ. ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು, ಹಾಸಿಗೆ ಹಿಡಿದ ಪಕ್ಕದ ಮನೆಯವರು, ಸಾಲಕ್ಕೆ ಹೆದರಿ ಊರು ಬಿಟ್ಟವರು. ಅವರು ನಮ್ಮ ಸಭೆಯವರೇ ಆಗಿರಬೇಕಿಲ್ಲ. ಹೇಳಿದ ವಿಷಯದಲ್ಲಿ ಮುಂದಿನ ವಾರದೊಳಗೆ ಯಾರು ಏನು ಮಾಡಬಹುದು ಎಂದು ಅಲ್ಲೇ ಗೊತ್ತುಮಾಡಿ. ಕಥೋಲಿಕರ ಮನೆಯಾದರೆ ಇದನ್ನು ಜಪಸರದ ಜೊತೆ ಸೇರಿಸಬಹುದು. ಜಪಸರದಲ್ಲಿ ಧ್ಯಾನಿಸಲು 2002ರಲ್ಲಿ ಸೇರಿಸಿದ ಬೆಳಕಿನ ರಹಸ್ಯಗಳಲ್ಲಿ ಮೂರನೆಯದು ದೇವರ ರಾಜ್ಯದ ಘೋಷಣೆಯೇ.

ಏಳನೇ ಹೆಜ್ಜೆ: ಖಂಡಿತ ಬರುವ ಪ್ರಶ್ನೆಗಳು

ಹಾಗಾದರೆ ಸತ್ತವರು ಎಲ್ಲಿ? ಇದನ್ನು ಯಾರಾದರೂ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳುತ್ತಾರೆ. ವಾದ ಮಾಡಬೇಡಿ. ಲೂಕ 23:42-43 ಓದಿ. ನೀನು ರಾಜನಾಗಿ ಬರುವಾಗ ನನ್ನನ್ನು ನೆನಸಿಕೋ ಎಂದ ಕಳ್ಳನಿಗೆ, ಈ ದಿನವೇ ನನ್ನ ಸಂಗಡ ಇರುವಿ ಎಂದು ಯೇಸು ಹೇಳಿದರು. ಆಮೇಲೆ ಪ್ರಕಟನೆ 21:1-4 ಓದಿ. ಅಲ್ಲಿ ಜನ ಮೇಲಕ್ಕೆ ಹೋಗುವುದಿಲ್ಲ, ಪರಿಶುದ್ಧ ಪಟ್ಟಣವೇ ಕೆಳಗೆ ಇಳಿದು ಬರುತ್ತದೆ, ದೇವರು ಕಣ್ಣೀರು ಒರೆಸುತ್ತಾರೆ. ತೀರಿಹೋದವರು ಯೇಸುವಿನ ಜೊತೆ ಇದ್ದಾರೆ ಎಂಬ ಸಮಾಧಾನ, ರಾಜ್ಯ ಪೂರ್ತಿಯಾಗಿ ಬರುತ್ತದೆ ಎಂಬ ನಿರೀಕ್ಷೆ, ಎರಡೂ ಇವೆ.

ಚರ್ಚೇ ಪರಲೋಕರಾಜ್ಯವಾ? ಅಲ್ಲ. ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಭೆಯನ್ನು, ಅಂದರೆ ಚರ್ಚನ್ನು, ಆ ರಾಜ್ಯದ ಬೀಜ, ಆರಂಭ ಎಂದಿತು. ಪ್ರೊಟೆಸ್ಟೆಂಟ್ ಸಭೆಗಳಲ್ಲೂ ಹೆಚ್ಚಿನವರು ಸಭೆಯೇ ರಾಜ್ಯ ಎನ್ನುವುದಿಲ್ಲ, ಸಭೆ ಅದಕ್ಕೆ ಸಾಕ್ಷಿ ಎನ್ನುತ್ತಾರೆ.

ಯಾವಾಗ ಬರುತ್ತದೆ? ವರ್ಷ, ತಾರೀಖು ಹೇಳುವ ವಿಡಿಯೋಗಳು ಫೋನಿಗೆ ಬರುತ್ತಲೇ ಇರುತ್ತವೆ. ಮತ್ತಾಯ 24:36 ತೋರಿಸಿ. ಆ ದಿನ ತಂದೆಗೆ ಹೊರತು ಯಾರಿಗೂ ತಿಳಿಯದು. ಅಲ್ಲಿಗೆ ಆ ಮಾತು ಮುಗಿಯಿತು.

ನಂಬಿದರೆ ಹಣ, ಮನೆ, ಕಾರು ಬರುತ್ತದಾ? ಮತ್ತಾಯ 6:33ರ "ಮೊದಲು ಆತನ ರಾಜ್ಯಕ್ಕಾಗಿ ತವಕಪಡಿರಿ" ಎಂಬ ಮಾತನ್ನು ಹಿಡಿದು ಹೀಗೆ ಬೋಧಿಸುವವರಿದ್ದಾರೆ. 6:25ರಿಂದ ಓದಿಸಿ. ಅಲ್ಲಿರುವುದು ಊಟ, ನೀರು, ಬಟ್ಟೆ. ಬಡವರ ದಿನದ ಚಿಂತೆಗಳು. ಕಾರಿನ ಮಾತು ಅಲ್ಲಿಲ್ಲ. ಬಡವರ ಆಸೆಯನ್ನು ಕಾಣಿಕೆಯ ಡಬ್ಬಿಗೆ ಎಳೆಯುವುದು ನನಗೆ ತುಂಬಾ ನೋವು ಕೊಡುವ ವಿಷಯ.

ಮುಗಿದ ಮೇಲೆ

ಅಂಚಿನಲ್ಲಿ ಹಾಕಿದ ಪ್ರಶ್ನೆಯ ಗುರುತುಗಳಿಗೆ ಒಂದು ಸಂಜೆ ಮರಳಿ ಬನ್ನಿ. ಕೆಲವು ಅಳಿಸುವಿರಿ, ಕೆಲವು ಹಾಗೇ ಉಳಿಯುತ್ತವೆ. ಉಳಿದವನ್ನು ಪಾಸ್ಟರಿಗೋ ಫಾದರಿಗೋ ಒಯ್ಯಿರಿ. ಆಮೇಲೆ ಮಾರ್ಕ 4:26-29 ಓದಿ. ಬಿತ್ತಿದವನು ಮಲಗಿ ಏಳುತ್ತಿರುವಾಗ ಬೀಜ ತಾನಾಗಿಯೇ ಬೆಳೆಯುವ ಆ ಚಿಕ್ಕ ಸಾಮ್ಯ ಮತ್ತಾಯನಲ್ಲಿ ಇಲ್ಲ. ಅಲ್ಲಿಂದ ಲೂಕ 14ಕ್ಕೆ ಹೋಗಿ. ಔತಣಕ್ಕೆ ಕರೆದವರು ನೆಪ ಹೇಳಿದಾಗ ಬೀದಿಯ ಬಡವರು, ಕುಂಟರು, ಕುರುಡರು ಬಂದು ಕೂರುವ ಕಥೆ ಅದು. ಆ ಸಂಜೆ ಓದಿನ ಮುಂಚೆ ಎಲ್ಲರೂ ಒಟ್ಟಿಗೆ ಊಟ ಮಾಡಿ, ಇಷ್ಟು ವಾರ ಕೂಟಕ್ಕೆ ಕರೆಯದೇ ಇದ್ದ ಒಂದು ಮನೆಯವರನ್ನು ಕರೆಯಿರಿ.